ನಾಲ್ಕು ಗುರುಗಳಲ್ಲಿ ಒಂದು

ಇಂಥ ಅನುಭವ ಬರೆಯುವವರನ್ನು ಕಂಡು ನಕ್ಕವನು ನಾನು. ಇರಕಲ್ಲಗಡದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಎಡಗಣ್ಣು ಅದುರಿದರೆ ಶಕುನ ನೋಡುವುದಿಲ್ಲ. ನರದ ರೋಗವೇ ಇರಬೇಕೆಂದು ವಾರಗಟ್ಟಲೆ ಚಿಂತೆ ಮಾಡುತ್ತೇನೆ.

ಮೂರು ವರ್ಷದ ಹಿಂದೆ ದೂರದ ಒಂದು ನಕ್ಷತ್ರದ ಚಿತ್ರವನ್ನು ಮೊಬೈಲಿನಲ್ಲಿ ಅಕ್ಕನಿಗೆ ತೋರಿಸಿದ್ದೆ. ಅದರ ಸುತ್ತ ನಾಲ್ಕು ದೈತ್ಯ ಗ್ರಹಗಳು, ಒಂದೊಂದೂ ನಮ್ಮ ಗುರುಗ್ರಹಕ್ಕಿಂತ ಹಲವು ಪಟ್ಟು ಭಾರ. ಗುರುಬಲ ಕೂಡಿ ಬರಲಿಲ್ಲವೆಂದೇ ಅಕ್ಕನ ಮದುವೆ ಆರು ವರ್ಷ ತಡವಾಗಿತ್ತು. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವಳು ಅಂದಳು: "ನಮಗಿರೋ ಒಬ್ಬ ಗುರು ನನ್ನ ಕಡೆ ಹೊಳ್ಳಿ ನೋಡಲಿಲ್ಲ. ಅಲ್ಲಿ ನಾಕು ಮಂದಿ ಖಾಲಿ ಕುಂತಾರೇನೋ ಮಾಸ್ತರ? ಒಬ್ಬನ್ನ ಇಸ್ಕೊಂಡ ಬರಬೇಕಿಲ್ಲೋ!"

ಮರುವರ್ಷ ಅದೇ ಅಕ್ಕ ಮೆದುಳಿನ ರಕ್ತನಾಳ ಒಡೆದು ಕೊಪ್ಪಳದ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಳು. ಐದನೇ ದಿನ ಡಾಕ್ಟರು, "ಮಾಡೂದೆಲ್ಲ ಮಾಡೀವ್ರಿ. ಇನ್ನ ಕಾಯೂದಷ್ಟ" ಎಂದರು. ಪಂಚಾಂಗ ನೋಡುವ ಅಯ್ಯನವರ ಹತ್ತಿರ ಹೋಗಿದ್ದ ಮಾವ, ಅಕ್ಕನ ಗಂಡ, ಬಂದವರೇ ನನ್ನ ಭುಜ ಹಿಡಿದು ಅತ್ತರು. "ಅಕಿಗೆ ಗುರುಬಲ ಇಲ್ಲಂತಪಾ."

ಬೇರೆ ದಿನವಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಅಂದು ಆಸ್ಪತ್ರೆಯ ಮಾಳಿಗೆ ಹತ್ತಿದೆ. ಆಗಷ್ಟೇ ಕತ್ತಲಾಗುತ್ತಿತ್ತು. ಗಿಣಿಗೇರಾ ಕಡೆಯ ಕಾರ್ಖಾನೆಗಳ ಹೊಗೆಯಲ್ಲಿ ನಾಲ್ಕು ಗ್ರಹಗಳ ಆ ಮಂದ ನಕ್ಷತ್ರ ಕಾಣುವ ಮಾತೇ ಇರಲಿಲ್ಲ. ದಿಕ್ಕು ಅಂದಾಜು ಮಾಡಿ, ಅದೂ ತಪ್ಪಿತೇನೋ ಎಂದು ಚಿಂತಿಸುತ್ತಲೇ, ಒಣಹಾಕಿದ ಹಾಸಿಗೆ ಬಟ್ಟೆಗಳ ನಡುವೆ ಕೈಮುಗಿದೆ. ತುಟಿ ಅಲುಗಿಸದೆ ಬೇಡಿದೆ: ನಾಲ್ಕರಲ್ಲಿ ಒಂದನ್ನು ಅವಳಿಗೆ ಕೊಡು. ಯಾರಿಗೂ ಹೇಳಲಿಲ್ಲ. ಹೇಗೆ ಹೇಳಲಿ, ವಿಜ್ಞಾನದ ಮಾಸ್ತರ!

ಕೆಳಗೆ ಬಂದಾಗ ಅಕ್ಕನ ಕಣ್ಣು ತೆರೆದಿತ್ತು. ನನ್ನನ್ನೇ ನೋಡುತ್ತ, ತೊದಲುತ್ತ ಕೇಳಿದಳು: "ಇನ್ನ ಮೂರ ಮಂದಿ ಉಳದಾರೇನೋ, ಮಾಸ್ತರ?"

ಮಾವ ಅದನ್ನು ಬಡಬಡಿಕೆ ಎಂದುಕೊಂಡರು.

ಅಕ್ಕ ಬದುಕಿದ್ದಾಳೆ. ನಾನು ಹೋದರೆ ನಗುತ್ತಾಳೆ. ಆದರೆ ಆ ಒಂದು ಮಾತಿನ ನಂತರ ಅವಳ ಬಾಯಿಂದ ಇನ್ನೊಂದು ಮಾತು ಬಂದಿಲ್ಲ. ಹಳೆಯ ಚೇಷ್ಟೆ ನೆನಪಾಗಿರಬಹುದು, ಒಪ್ಪಿದೆ. ಮೂರು ಎಂಬುದು ಎಲ್ಲಿಂದ ಬಂತು? ಕೇಳಿದರೆ ನನ್ನ ಮುಖವನ್ನೇ ನೋಡುತ್ತಾಳೆ. ಜೀವದ ಜೊತೆ ಮಾತನ್ನೂ ಬಿಡಿಸಿ ಕೇಳಬೇಕಿತ್ತೇ ಎಂಬುದು ಈಗಿನ ನನ್ನ ಚಿಂತೆ.

ಆ ನಕ್ಷತ್ರದ ಹೊಸ ಚಿತ್ರ ಸಿಕ್ಕಾಗಲೆಲ್ಲ ಎಣಿಸುತ್ತೇನೆ. ನಾಲ್ಕೇ ಇವೆ. ಆದರೆ ಈಗ ಕಾಣುವ ಬೆಳಕು ನೂರು ವರ್ಷಕ್ಕೂ ಹಿಂದೆ ಅಲ್ಲಿಂದ ಹೊರಟದ್ದು. ಆ ಸಂಜೆಯ ಬೆಳಕು ಇಲ್ಲಿ ಮುಟ್ಟುವ ಹೊತ್ತಿಗೆ ಎಣಿಸಲು ನಾನಿರುವುದಿಲ್ಲ, ಮೂರು ಉಳಿದವೇ ಎಂದು ಕೇಳಿದವಳೂ ಇರುವುದಿಲ್ಲ.