ಮುನಿಶಾಮಪ್ಪನವರ ಗಂಟಲು

ಹಾಡಿನ ವಿಷಯದಲ್ಲಿ ನನ್ನ ಕಿವಿ ಮೋಸ ಹೋಗುವುದಿಲ್ಲ. ಶಿಡ್ಲಘಟ್ಟದ ಸುತ್ತಮುತ್ತ ಸೈಕಲ್ಲಿನಲ್ಲಿ ತಿರುಗಿ, ರೇಷ್ಮೆಹುಳು ಸಾಕುವವರಿಗೆ ಸಲಹೆ ಹೇಳುವುದು ಆಗ ನನ್ನ ಕೆಲಸ. ಆದರೂ ಮೇಲೂರಿನ ಶನಿವಾರದ ಭಜನೆ ಮಾತ್ರ ತಪ್ಪಿಸುತ್ತಿರಲಿಲ್ಲ. ಅಲ್ಲಿ ಮುನಿಶಾಮಪ್ಪ ತಂಬೂರಿ ಹಿಡಿದು ತತ್ವಪದ ಎತ್ತಿದರೆ, ಆ ಒರಟು ಗರಗರ ದನಿಗೆ ಮೈ ಜುಮ್ಮೆನ್ನುತ್ತಿತ್ತು.

ಗೌರಿಬಿದನೂರಿಗೆ ವರ್ಗವಾಗಿ ಹೋದವನು ಎಷ್ಟೋ ದಿನದ ಮೇಲೆ ಮತ್ತೆ ಬಂದು ಕೇಳಿದೆ. ಅದೇ ಪದ, ಅದೇ ತಂಬೂರಿ. ದನಿ ಮಾತ್ರ ತೊಳೆದಿಟ್ಟ ಹಾಗೆ ನುಣ್ಣಗಾಗಿತ್ತು. ಮಂಗಳಾರತಿ ಆದ ಕೂಡಲೇ ಹೇಳಿಯೇಬಿಟ್ಟೆ.

"ಏನ್ ಮುನಿಶಾಮಪ್ಪನೋರೇ, ರೇಡಿಯೋ ಕೇಳಿ ಕೇಳಿ ಕೆಟ್ಟುಹೋದ್ರಲ್ಲ! ಆ ಹಳೇ ದನಿ ಎಲ್ಲಿ?"

"ನಮ್ಮನೇಲಿ ರೇಡಿಯೋ ಎಲ್ಲಿದೆ ಸ್ವಾಮಿ? ಹೊಗೆಸೊಪ್ಪು ಹಾಕೋದು ಬಿಟ್ಟೆ, ಗಂಟಲು ಹಿಂಗಾಯ್ತು."

"ಅದನ್ಯಾಕೆ ಬಿಟ್ರಿ?"

ಅವರು ನನ್ನನ್ನೇ ದಿಟ್ಟಿಸಿ ನೋಡಿದರು. "ಹೊಗೆಸೊಪ್ಪು ಮುಟ್ಟಿದ ಕೈಲಿ ಹುಳಕ್ಕೆ ಸೊಪ್ಪು ಹಾಕಿದ್ರೆ ಎಲ್ಲಾ ಸಾಯ್ತವೆ ಅಂತ ನಮ್ಮನೆ ಬಾಗಿಲಲ್ಲಿ ನಿಂತು ಬೈದಿದ್ದು ನೀವೇ ಅಲ್ವಾ ಸ್ವಾಮಿ? ಈಗ ಗೂಡು ಬಂಗಾರದಂಗೆ ಬರ್ತಿದೆ."

ಸಲಹೆ ಕೇಳದವರನ್ನು ನಾನು ಸರ್ವೀಸಿನುದ್ದಕ್ಕೂ ಬೈದಿದ್ದೇನೆ. ಕೇಳಿದ್ದಕ್ಕೆ ಬೈಯಬೇಕು ಅನ್ನಿಸಿದ್ದು ಅವರೊಬ್ಬರನ್ನೇ.