ಗೋಡೆಯ ಹಿಂದಿನ ಸಿಂಹ

ಸುಮ್ಮನೆ ಕುಳಿತಾಗ ಬೆರಳು ತಾನಾಗಿ ಏನನ್ನಾದರೂ ಗೀಚುವ ಚಾಳಿ ಕೆಲವರಿಗಿರುತ್ತದೆ. ಒಬ್ಬರು ಸಹಿ ಹಾಕುತ್ತಾರೆ, ಇನ್ನೊಬ್ಬರು ಬಳ್ಳಿ ಬಿಡಿಸುತ್ತಾರೆ. ನನ್ನ ಬೆರಳು ಬೆನ್ನಿಗೆ ಬೆನ್ನು ಹಚ್ಚಿ ನಿಂತ ಸಿಂಹಗಳನ್ನು ಬರೆಯುತ್ತದೆ. ಮೂರನೆಯದು ಮುಗಿದಾಗ ಬೆರಳು ನಿಲ್ಲುತ್ತದೆ. ಮನಸ್ಸು ಮಾತ್ರ ಮೆಲ್ಲಗೆ ಕಾಗದದ ಹಿಂಬದಿಗೆ ನಡೆದುಬಿಡುತ್ತದೆ.

ಎಪ್ಪತ್ತರ ದಶಕದ ಕೊನೆಗೆ ನಾನು ಹುನಗುಂದದಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಗುಡೂರಿನ ಶಾಲೆಗೆ ಹೊಸ ಕೋಣೆ ಕಟ್ಟಿದಾಗ, ಹೊರಗೋಡೆಯ ಮೇಲೆ ರಾಷ್ಟ್ರಲಾಂಛನ ಬರೆದುಕೊಡಲು ಕರೆ ಬಂತು. ಜನ ಅದನ್ನು ಬಾಯಿಗೆ ಬಂದಂತೆ ಕರೆಯುತ್ತಿದ್ದರು. ಕೆಲವರಿಗೆ ಅಶೋಕಚಕ್ರ, ಕೆಲವರಿಗೆ ಮೂರು ತಲೆಯ ಸಿಂಹ, ಅಲ್ಲಿಯ ಹೆಡ್‌ಮಾಸ್ತರರಿಗೆ ಸರಕಾರದ ಶಿಕ್ಕಾ. ನಾನು ಬಿಡದೆ ತಿದ್ದುತ್ತಿದ್ದೆ. ಅದು ಸಾರನಾಥದ ಕಂಬದ ತುದಿಯಿಂದ ಬಂದದ್ದು, ಸಿಂಹಗಳು ನಾಲ್ಕು, ಚಿತ್ರದಲ್ಲಿ ಕಾಣುವುದು ಮೂರು. ಕೆಳಗೆ ನಡುವೆ ಚಕ್ರ, ಬಲಕ್ಕೆ ಗೂಳಿ, ಎಡಕ್ಕೆ ಕುದುರೆ, ಅಡಿಯಲ್ಲಿ ಸತ್ಯಮೇವ ಜಯತೇ. ಮೂಲ ಕಲ್ಲಿನ ಹಿಂಬದಿಗೆ ಒಂದು ಆನೆಯೂ ಇದೆ. ಪಾಪ, ಅಷ್ಟು ದೊಡ್ಡ ಪ್ರಾಣಿ ಚಿತ್ರದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಇಷ್ಟೆಲ್ಲ ಬಲ್ಲ ನಾನು ಜೀವಂತ ಸಿಂಹವನ್ನು ಕಂಡವನೇ ಅಲ್ಲ. ಕಂಡದ್ದು ಬಾದಾಮಿಯ ಕಲ್ಲಿನ ಸಿಂಹಗಳನ್ನು. ಹೀಗಾಗಿ ನನ್ನವು ಗರ್ಜಿಸುವ ಬದಲು ತುಸು ನಗುತ್ತಿದ್ದವು.

ಅದೇ ದಿನಗಳಲ್ಲಿ ಇಳಕಲ್ಲಿಗೆ ಕನ್ಯೆ ನೋಡಲು ಹೋದೆ. ಹುಡುಗಿಯ ಹೆಸರು ಶಾರದಾ. ಚುರುಮುರಿ ಸೂಸಲದ ತಾಟು ಇಟ್ಟು ಅವ್ವನ ಪಕ್ಕ ಕುಳಿತಳು. ನೋಡಿದ ಕೂಡಲೇ ಈಕೆಯೇ ಆಗಬೇಕು ಅನ್ನಿಸಿಬಿಟ್ಟಿತು. ಅನ್ನಿಸಿದ್ದನ್ನು ಹೇಳಲು ಬರಬೇಕಲ್ಲ? ಬೇರೆ ಮಾತು ತೋಚದೆ ಲಾಂಛನದ ಪಾಠ ಶುರುಮಾಡಿದೆ. ತಲೆ ತಗ್ಗಿಸಿಯೇ ಎಲ್ಲ ಕೇಳಿದ ಶಾರದಾ ಕೊನೆಗೆ ಕೇಳಿದಳು.

“ನಾಕ ಅದಾವ ಅಂತೀರಿ, ಮೂರ ಬರೀತೀರಿ. ಇನ್ನೊಂದು ಎಲ್ಲೈತ್ರಿ?”

“ಹಿಂದ ಐತ್ರಿ. ಕಾಣೂದಿಲ್ಲ.”

“ಕಾಣಲಾರದ್ದು ಐತಿ ಅಂತ ನಂಬೂದು ಹೆಂಗ್ರಿ?”

ಬಳಿಕ ತಾನು ಕಸೂತಿ ಹಾಕುತ್ತಿದ್ದ ಸೀರೆಯ ಸೆರಗನ್ನು ತಂದು ತಿರುವಿ ಹಾಸಿದಳು. ಮುಂದಿದ್ದ ಗೋಪುರವೇ ಹಿಂದೆಯೂ ಇತ್ತು. ಎಲ್ಲೂ ಗಂಟಿಲ್ಲ, ಎಳೆ ಜೋತಿಲ್ಲ. ಈ ಕಡೆಯ ಹೆಂಗಸರು ಕಸೂತಿಯ ಕೈಗುಣವನ್ನು ಅಳೆಯುವುದೇ ಹೀಗೆ, ಬಟ್ಟೆ ತಿರುವಿ. ಹೊರಡುವಾಗ ಅವಳ ಅವ್ವ ಹೇಳಿದರು: “ಬರೂ ಶುಕ್ರವಾರ ಬನಶಂಕರಿಗೆ ಹೊಂಟೇವ್ರಿ. ಗುಡೂರಾಗ ಇಳದು ನಿಮ್ಮ ಸಿಂಹ ನೋಡ್ತೇವಿ. ಆಮ್ಯಾಲ ಮಾತಾಡೂಣು.”

ಅಂದರೆ ನನ್ನ ಮದುವೆ ಈಗ ಸಿಂಹಗಳ ಕೊರಳಿಗೆ ಬಿದ್ದಿತ್ತು. ಗೋಡೆಗೂ ಒಂದು ಹಿಂಬದಿ ಇದೆ ಎನ್ನುವುದು ಆ ವಾರವೇ ನನಗೆ ಹೊಳೆದದ್ದು. ಹೊರಗೆ ಮೂರನ್ನು ಬರೆದು ಮುಗಿಸಿ, ಕೋಣೆಯೊಳಗೆ, ಅದೇ ಗೋಡೆಯ ಇನ್ನೊಂದು ಮೈಮೇಲೆ, ಅಷ್ಟೇ ಎತ್ತರಕ್ಕೆ ನಾಲ್ಕನೆಯದನ್ನು ಬರೆದೆ. ನನ್ನ ಜನ್ಮದಲ್ಲಿ ಅಷ್ಟು ಚೆಂದದ ಸಿಂಹ ಮತ್ತೆ ಮೂಡಲಿಲ್ಲ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಅದರ ಕೇಸರದ ಮೇಲೆ ಬಿದ್ದಾಗ, ಸಾರನಾಥದಿಂದ ಇಲ್ಲಿಯವರೆಗೂ ಬೆನ್ನು ತೋರಿಸಿಕೊಂಡೇ ಬಂದ ಪ್ರಾಣಿ ಕಡೆಗೊಮ್ಮೆ ಮುಖ ತಿರುಗಿಸಿದಂತಿತ್ತು. ನೋಡುತ್ತ ಕುಳಿತವನಿಗೆ ಬಸ್ಸು ತಪ್ಪಿತು.

ಶುಕ್ರವಾರ ಮೊದಲು ಬಂದವರು ಶಾಲೆ ಇನ್‌ಸ್ಪೆಕ್ಟರರು. “ಹೊರಗಿಂದು ಚಲೋ ಆಗೇದ, ಮಾಸ್ತರ. ಒಳಗಿಂದು ಲಾಂಛನ ಅಲ್ಲ. ಒಂಟಿ ಸಿಂಹ ಯಾವ ದೇಶದ್ದೋ ಏನೋ. ಅಳಸ್ರಿ,” ಅಂದರು. ಅವರ ಮಾತು ಕಾಯದೆಗೆ ಸರಿಯಾಗಿತ್ತು. ನಾನೇ ಎರಡು ಕೈ ಸುಣ್ಣ ಹೊಡೆದೆ.

ಸುಣ್ಣ ಆರುವ ಹೊತ್ತಿಗೆ ತಾಯಿ ಮಗಳು ಬಸ್ಸಿಳಿದರು. ಅವ್ವ ಹೊರಗೆ ಮೂರರ ಮುಂದೆ ಕೈಮುಗಿದು ನಿಂತರೆ, ಶಾರದಾ ನೆಟ್ಟಗೆ ಒಳಗೆ ಬಂದಳು. ಬಿಳಿ ಗೋಡೆ ತೋರಿಸಿ, “ಇಲ್ಲೇ ಇತ್ರಿ, ಖರೇನ,” ಎಂದೆ. ನನ್ನ ಮಾತು ನನಗೇ ಸುಳ್ಳಿನಂತೆ ಕೇಳಿಸಿತು. ಅವಳು ಗೋಡೆಯನ್ನು ನೋಡಿದಳು, ಉಗುರುಸಂದಿಯಲ್ಲಿ ಇನ್ನೂ ಹಳದಿ ಬಣ್ಣವಿದ್ದ ನನ್ನ ಬೆರಳನ್ನು ನೋಡಿದಳು. ಆಮೇಲೆ ಸುಣ್ಣದ ಮೇಲೆ ಅಂಗೈ ಇಟ್ಟು ತುಸು ಹೊತ್ತು ನಿಂತಳು, ಮಲಗಿದ ಪ್ರಾಣಿಯ ಮೈಮುಟ್ಟಿದಂತೆ.

ಹೊರಗಿನಿಂದ ಅವ್ವ ಕೂಗಿದರು: “ಹೆಂಗದಾವ ಶಾರದಾ, ಸಿಂಹ?”

ಬೆಳ್ಳಗಾದ ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅವಳು ಹೇಳಿದಳು: “ನಾಕೂ ಚಲೋ ಅದಾವ, ಯವ್ವಾ.”