ಹೆಸರು ಮರೆತ ರೌಟರ್

ಲಲಿತಕ್ಕ, ಕಳಸದ ಆಸ್ಪತ್ರೆಯ ರೌಟರ್ ಅವತ್ತು ಕೆಟ್ಟಿದ್ದು ನಿಮ್ಮಿಂದಲ್ಲ, ನನ್ನಿಂದ. ಅದು ನನಗೆ ಅಂದೇ ಗೊತ್ತಿತ್ತು.

ನಾನು ಕೆಲಸ ಬಲ್ಲವಳು — ಇದನ್ನು ಈಗಲೂ ಸಂಕೋಚವಿಲ್ಲದೆ ಹೇಳುತ್ತೇನೆ. ಮೂಡಿಗೆರೆಯಿಂದ ಸಂಸೆಯವರೆಗೆ ಎಷ್ಟೋ ಎಸ್ಟೇಟ್ ಆಫೀಸುಗಳ ನೆಟ್‌ವರ್ಕ್ ನನ್ನ ಕೈಯಲ್ಲೇ ಎದ್ದು ನಿಂತದ್ದು. ಕಪ್ಪು ಪರದೆಯ ಮೇಲೆ ಒಂದೊಂದೇ ಆಜ್ಞೆ ಟೈಪ್ ಮಾಡುತ್ತ ರೌಟರಿನೊಳಗೆ ಇಳಿಯುವುದೆಂದರೆ ನನಗೆ ಖುಷಿ. ಸಾಲಿನ ತುದಿಯಲ್ಲಿ ಬಾಣದ ಗುರುತಿದ್ದರೆ ಬರೀ ನೋಡಬಹುದು. ಹ್ಯಾಶ್ (#) ಗುರುತು ಬಂದರೆ ಯಜಮಾನಿಕೆ ನಮ್ಮದು, ಏನನ್ನು ಬೇಕಾದರೂ ಬದಲಿಸಬಹುದು. ನಿಮ್ಮ ರೌಟರಿಗೆ ‘ಕಳಸ’ ಎಂದು ಹೆಸರಿಟ್ಟು, ಎಲ್ಲ ಜೋಡಿಸಿ, ನೀವು ಕೊಟ್ಟ ಕಾಫಿ ಕುಡಿದು ಬಸ್ಸಿಗೆ ಓಡಿದೆ — ಸೇವ್ ಮಾಡುವ ಆಜ್ಞೆಯೊಂದನ್ನು ಬಿಟ್ಟು. ಅದನ್ನು ಕೊಡದಿದ್ದರೆ ಕರೆಂಟು ಹೋದ ಕ್ಷಣ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ.

ಸಂಜೆ ಗುಡುಗಿತು. ಸಿಡಿಲಿಗೆ ಸುಡದಿರಲೆಂದು ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ ನೀವು ಪ್ಲಗ್ಗುಗಳನ್ನೆಲ್ಲ ಕಿತ್ತಿಟ್ಟಿರಿ. ಮರುದಿನ ಒಂದು ಕಂಪ್ಯೂಟರಿಗೂ ಇನ್ನೊಂದರ ಪರಿಚಯವಿಲ್ಲ. ನಾನು ಬಂದು ನೋಡಿದರೆ ಪರದೆಯಲ್ಲಿ ‘ಕಳಸ’ ಇಲ್ಲ — ಪೆಟ್ಟಿಗೆಯಿಂದ ತೆಗೆದಾಗ ಇದ್ದ ಬೋಳು ಹೆಸರು, ‘ರೌಟರ್’. ಡಾಕ್ಟರು ಬೆನ್ನ ಹಿಂದೆಯೇ ನಿಂತಿದ್ದರು, ಪಕ್ಕದಲ್ಲಿ ನೀವು. ನಾನು ತಿರುಗದೆಯೇ ಹೇಳಿದೆ:

“ಪ್ಲಗ್ ಕಿತ್ತಿದ್ದಕ್ಕೇ ಸರ್ ಹೀಗಾಗಿದ್ದು. ಇದನ್ನ ಯಾರೂ ಮುಟ್ಬಾರ್ದು.”

ಪೂರ್ತಿ ಸುಳ್ಳೂ ಅಲ್ಲ ಅದು — ಅದಕ್ಕೇ ಅಷ್ಟು ಸಲೀಸಾಗಿ ಬಂತು. ನೀವು ತಲೆ ತಗ್ಗಿಸಿದಿರಿ. ಆಸ್ಪತ್ರೆ ಶುರುವಾದಾಗಿನಿಂದ ಬಾಗಿಲ ಬಳಿಯ ಮೇಜಿನಲ್ಲಿ ಕೂತು, ಬಂದವರನ್ನೆಲ್ಲ ಹೆಸರು ಹಿಡಿದು ಮಾತಾಡಿಸುತ್ತಿದ್ದ ನಿಮ್ಮನ್ನು ಹಿಂದಿನ ಸ್ಟೋರ್ ರೂಮಿಗೆ ಹಾಕಿದರು. ನಾನು... ನಾನು ಎಲ್ಲ ಮತ್ತೆ ಟೈಪ್ ಮಾಡಿದೆ, ಈ ಸಲ ಮರೆಯದೆ ಸೇವ್ ಮಾಡಿದೆ. ಡಾಕ್ಟರು ಶಹಬ್ಬಾಸ್ ಅಂದರು.

ವರ್ಷಗಳು ಕಳೆದವು. ಮೊನ್ನೆಯ ಸಿಡಿಲಿಗೆ ರೌಟರ್, ಕಂಪ್ಯೂಟರ್ ಎಲ್ಲ ಸುಟ್ಟುಹೋದವು. ಕರೆದರೆಂದು ಬಂದೆ. ಗುಡುಗುವಾಗ ಆಸ್ಪತ್ರೆಯಲ್ಲಿ ನೀವೊಬ್ಬರೇ ಇದ್ದಿರಂತೆ. ಯಾಕೆ ಪ್ಲಗ್ ಕೀಳಲಿಲ್ಲ ಎಂದು ಕೇಳಿದೆ — ನಾನೇ ಕೇಳಿದೆ, ನೋಡಿ.

“ನೀನೇ ಹೇಳಿದ್ಯಲ್ಲ ಮಾರಾಯ್ತಿ, ಮುಟ್ಬಾರ್ದು ಅಂತ. ಹತ್ರ ಹೋಗಿ ನಿಂತಿದ್ದೆ. ಕೈ ಬರ್ಲಿಲ್ಲ.”

ನಿಮ್ಮ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ನನಗೆ ನಾಚಿಕೆಯಾಯಿತು, ಆದರೂ ಸುಟ್ಟ ರೌಟರನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಸೋಮವಾರ ಹೊಸ ರೌಟರ್ ತರುತ್ತೇನೆ. ಮೊದಲು ನಿಮ್ಮನ್ನು ಕರೆದುಕೊಂಡು ಡಾಕ್ಟರ ಬಳಿ ಹೋಗಿ, ನಿಮ್ಮೆದುರೇ ಇದಿಷ್ಟನ್ನೂ ಹೇಳುತ್ತೇನೆ. ನಿಮ್ಮ ಮೇಜು ನಿಮಗೆ ಸಿಗುತ್ತದೋ, ನನಗೆ ಅಲ್ಲಿ ಕೆಲಸ ಉಳಿಯುತ್ತದೋ — ಅವರಿಗೆ ಬಿಟ್ಟದ್ದು. ಆಮೇಲೆ ಯಾವತ್ತು ಗುಡುಗಿದರೂ, ಲಲಿತಕ್ಕ, ನೀವು ಪ್ಲಗ್ ಕಿತ್ತುಬಿಡಿ.